ತಿದ್ದದೆ ಬಿಟ್ಟ ತಾರೀಖು

ಕಪಾಟನ್ನು ಜಾಲಾಡುವಾಗ ನಾವು ಹುಡುಕುತ್ತಿರುವ ವಸ್ತುವೊಂದನ್ನು ಬಿಟ್ಟು ಉಳಿದೆಲ್ಲವೂ ಸಿಗುತ್ತವೆ ಎಂಬುದು ನಿಮ್ಮ ಅನುಭವವೂ ಆಗಿರಬಹುದು. ಕಳೆದ ವಾರ ನಾನು ಹುಡುಕುತ್ತಿದ್ದುದು ಕನ್ನಡಕದ ಅಂಗಡಿಯವರು ಬರೆದುಕೊಟ್ಟಿದ್ದ ಒಂದು ಚೀಟಿಯನ್ನು. ಕೈಗೆ ಬಂದದ್ದು ಕೆಂಪು ಬೆನ್ನಿನ, ಉದ್ದನೆಯ ರಟ್ಟಿನ ನೋಟುಪುಸ್ತಕ. ಮೂಲೆಗಳಲ್ಲಿ ಎಣ್ಣೆಯ ಹೆಬ್ಬೆಟ್ಟಿನ ಗುರುತು. ಮೂಸಿ ನೋಡಿದೆ. ಲೋಹ ಕೊರೆಯುವಾಗ ಬಿಸಿಯೇರದಂತೆ ಸುರಿಸುವ ಹಾಲುಬಣ್ಣದ ಕೂಲಂಟಿನ ವಾಸನೆ ಇಷ್ಟು ವರ್ಷಗಳ ಮೇಲೂ ಅದನ್ನು ಬಿಟ್ಟಿರಲಿಲ್ಲ. ಮೊದಲ ಪುಟದಲ್ಲಿ ನನ್ನದೇ ಅಕ್ಷರ: 2012, ಜುಲೈ 9, ಸೋಮವಾರ. ಚೀಟಿಯನ್ನು ಮರೆತು ಆ ವರ್ಷದ ಪಂಚಾಂಗವನ್ನು ಕೆಳಗಿಳಿಸಿ ನೋಡಿದೆ. ಅಂದು ಸೋಮವಾರವೇ. ನಾನೇ ಬರೆದದ್ದನ್ನು ನಾನೇ ನಂಬದಿರುವುದು ನನ್ನ ಕಸುಬು ನನಗೆ ಹತ್ತಿಸಿದ ರೋಗ.

ಶಾಸನಗಳ ಕಾಲನಿರ್ಣಯ ನನ್ನ ಕಸುಬಾಗಿತ್ತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು, ಕಲ್ಲಿನ ಮೇಲೆ ಕೆತ್ತಿದ ತಾರೀಖುಗಳನ್ನು ಶಂಕಿಸುವುದಕ್ಕಾಗಿಯೇ ಸಂಬಳ ಪಡೆದವನು ನಾನು. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಇವೆಲ್ಲವೂ ಒಂದಕ್ಕೊಂದು ಸಾಕ್ಷಿ ನುಡಿಯಬೇಕು. ಒಂದು ಅಡ್ಡಮಾತನಾಡಿದರೂ ಕೆತ್ತಿದವನು ತಪ್ಪಿದ್ದಾನೆ, ಇಲ್ಲವೇ ಬಹಳ ಕಾಲದ ಮೇಲೆ ಯಾರೋ ಹಳೆಯ ತಾರೀಖು ಹಾಕಿ ಹೊಸ ಕಲ್ಲು ನೆಟ್ಟಿದ್ದಾರೆ ಎಂದರ್ಥ. ನಿವೃತ್ತಿಯೊಂದಿಗೆ ಸಂಬಳ ನಿಂತಿತು, ಶಂಕೆ ನಿಲ್ಲಲಿಲ್ಲ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರಿಗಿಂತ ಮೊದಲು ತಿಥಿಗೂ ವಾರಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ನೋಡುತ್ತೇನೆ. ಒಮ್ಮೆ ಹೊಂದಲಿಲ್ಲ, ಒಡನೆಯೇ ಫೋನು ಮಾಡಿ ತಿಳಿಸಿದೆ. ಆ ಮನೆಯವರು ಆಮೇಲೆ ಯಾವ ಶುಭಕಾರ್ಯಕ್ಕೂ ನಮ್ಮನ್ನು ಕರೆಯಲಿಲ್ಲ.

ಈ ರೋಗದ ಬೇರು ಇನ್ನೂ ಹಿಂದಿನದು. ಚಿತ್ರದುರ್ಗದ ಕಡೆಯ ನಮ್ಮ ಮನೆಯ ಗೋಡೆಗೆ ಬಟ್ಟೆ ಅಂಗಡಿಯವರು ಕೊಟ್ಟ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ತೂಗುತ್ತಿತ್ತು. ಹರಿಯುವ ಅಧಿಕಾರ ಏಳು ವರ್ಷದ ನನ್ನದು. ವಾರದ ದಿನಗಳ ಅಂಕಿ ಕಪ್ಪು, ಭಾನುವಾರದ್ದು ಮಾತ್ರ ಕೆಂಪು. ಬೇಸಿಗೆ ರಜೆಯ ಒಂದು ಬೆಳಿಗ್ಗೆ ಶನಿವಾರದ ಹಾಳೆ ಹರಿದೆ. ಕೆಳಗಿನ ಕೆಂಪು ಅಂಕಿಯ ಆಸೆ ತಡೆಯದೆ ಅದನ್ನೂ ಹರಿದು ಚಡ್ಡಿಯ ಜೇಬಿಗೆ ಸೇರಿಸಿದೆ. ಅಜ್ಜಿಗೆ ಓದು ಬಾರದು. "ಇವತ್ತು ಯಾವ ವಾರನೋ?" ಎಂದು ಕೇಳಿದಳು. ನಾನು ಗೋಡೆ ನೋಡಿ ಸೋಮವಾರ ಎಂದೆ. ಶಿವಭಕ್ತೆಯಾದ ಅಜ್ಜಿ ಸೋಮವಾರ ಸಂಜೆಯವರೆಗೆ ನೀರನ್ನೂ ಮುಟ್ಟುತ್ತಿರಲಿಲ್ಲ. ಹೊತ್ತು ಮುಳುಗುವಾಗ ಊರಿಂದ ಬಂದ ಅಪ್ಪ ಇವತ್ತು ಭಾನುವಾರವಲ್ಲವೇ ಎಂದ. ಅಜ್ಜಿ ನನ್ನ ಜೇಬಿನಿಂದ ಇಣುಕುತ್ತಿದ್ದ ಕೆಂಪು ಕಾಗದವನ್ನು ನೋಡಿದಳು, "ಇರ್ಲಿ ಬಿಡು" ಎಂದಳು, ಮರುದಿನ ಮತ್ತೊಮ್ಮೆ ಉಪವಾಸ ಮಾಡಿದಳು. ಆ ಎರಡನೆಯ ಉಪವಾಸ ನನ್ನ ಹೊಟ್ಟೆಯಲ್ಲಿ ಈಗಲೂ ಇದೆ.

ಕೆಂಪು ಬೆನ್ನಿನ ಪುಸ್ತಕಕ್ಕೆ ಬರೋಣ. ಅದು ಹುಟ್ಟಿದ್ದು ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ, ಚನ್ನಬಸಪ್ಪನ ಅಚ್ಚು ತಯಾರಿಸುವ ಘಟಕದಲ್ಲಿ. ಚನ್ನಬಸಪ್ಪ ನನ್ನ ಸಹಪಾಠಿಯೊಬ್ಬನ ತಮ್ಮ, ದಾವಣಗೆರೆಯವನು. ಮೆಟ್ರೋದ ಕಂಬಗಳು ಎದ್ದು ನಿಂತಿದ್ದವು, ರೈಲು ಇನ್ನೂ ಬಂದಿರಲಿಲ್ಲ. ನಾನಿದ್ದ ಫ್ಲ್ಯಾಟಿನಿಂದ ಆ ಕಂಬಗಳ ಕೆಳಗೇ ನಡೆದು, ಲಾರಿಗಳಿಗೆ ದಾರಿ ಬಿಟ್ಟು, ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅವನ ಘಟಕ ಸೇರುವುದು ವೈದ್ಯರು ನನಗೆ ವಿಧಿಸಿದ್ದ ವಾಯುಸೇವನೆ. ಆ ವಾಯುವಿನಲ್ಲಿ ಏನೇನಿತ್ತು ಎಂಬುದನ್ನು ವೈದ್ಯರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಲ್ಲಿ ಒಂದು ಗಂಟೆ ಕುಳಿತು, ಚಹಾ ಕುಡಿದು, ಹಿಂದಿರುಗುತ್ತಿದ್ದೆ. ಮಂಗಳವಾರ ಮಾತ್ರ ಹೋಗುತ್ತಿರಲಿಲ್ಲ. ಅಂದು ಬಸ್ಸು ಹತ್ತಿ ನಗರದ ಗ್ರಂಥಾಲಯಕ್ಕೆ ಹೋಗುವ ದಿನ.

ಆ ಘಟಕದಲ್ಲಿ ಒಂದು ಸಿಎನ್‌ಸಿ ಯಂತ್ರವಿತ್ತು. ಗಣಕ ಹೇಳಿದಂತೆ ಉಕ್ಕನ್ನು ಕೊರೆದು ಅಚ್ಚು ಮಾಡುವ ಯಂತ್ರ. ಅದಕ್ಕೆ ಹೇಳುವ ಮಾತು ಸಾವಿರಾರು ಸಾಲುಗಳಷ್ಟು ಉದ್ದ. ಅಷ್ಟನ್ನೂ ಒಂದೇ ಸಲ ನುಂಗುವ ಶಕ್ತಿ ಯಂತ್ರಕ್ಕಿಲ್ಲ. ಆದ್ದರಿಂದ ಪಕ್ಕದ ಗಣಕವು ನೆಟ್‌ವರ್ಕ್ ತಂತಿಯ ಮೂಲಕ, ಮಗುವಿಗೆ ತುತ್ತಿಡುವಂತೆ, ಸಾಲು ಸಾಲಾಗಿ ಉಣಿಸಬೇಕು. ತುತ್ತು ನಡುವೆ ನಿಂತರೆ ಯಂತ್ರವೂ ಕೊರೆಯುತ್ತಿದ್ದಲ್ಲಿಯೇ ನಿಲ್ಲುತ್ತದೆ, ಅಚ್ಚಿನ ಮೇಲೆ ಗೀರು ಬೀಳುತ್ತದೆ, ಹಗಲೆಲ್ಲ ಕೊರೆದ ಉಕ್ಕು ಗುಜರಿಗೆ ಹೋಗುವುದೂ ಉಂಟು.

ಉಣಿಸುವ ತಂತ್ರಾಂಶ ಬಹಳ ಹಳೆಯದು; ಅದನ್ನು ಮಾಡಿದವರು ಅಂಗಡಿ ಮುಚ್ಚಿಯಾಗಿತ್ತು. ಹೊಸ ಗಣಕದಲ್ಲಿ ಅದು ನಡೆಯಲೊಲ್ಲದು. ಆಗ ಉಪಾಯ ಹೇಳಿಕೊಟ್ಟವನು ನಾನೇ. ನನ್ನ ತಿಥಿಗಣನೆಯ ಹಳೆಯ ತಂತ್ರಾಂಶಕ್ಕಾಗಿ ಮನೆಯಲ್ಲಿ ನಾನೊಂದು ವರ್ಚುವಲ್ ಮೆಷೀನ್ ಇಟ್ಟುಕೊಂಡಿದ್ದೆ. ಹೊಸ ಗಣಕದ ಹೊಟ್ಟೆಯೊಳಗೆ ಒಂದು ಹಳೆಯ ಗಣಕವನ್ನು ಇರುವಂತೆ ನಟಿಸುವ ತಂತ್ರಾಂಶ ಅದು. ಒಳಗಿನದಕ್ಕೆ ತಾನು ಒಳಗಿದ್ದೇನೆಂಬುದೇ ಗೊತ್ತಿಲ್ಲ. ಬೆಂಗಳೂರಿನ ಮನೆಗಳ ಹಿತ್ತಿಲಲ್ಲಿ ಬೀದಿಗೆ ಬಾಗಿಲಿಲ್ಲದ ಬಾಡಿಗೆ ಕೋಣೆ ಇರುತ್ತದಲ್ಲ, ಹಾಗೆ. ಅದಕ್ಕೆ ಬರುವ ಪತ್ರವೂ ಹೋಗುವ ಪತ್ರವೂ ಮಾಲೀಕನ ಮನೆಯೊಳಗಿಂದಲೇ ಹಾಯಬೇಕು. ನನ್ನ ಮನೆಯಲ್ಲಿ ಅದಕ್ಕೆ ಪತ್ರವ್ಯವಹಾರವೇ ಇರಲಿಲ್ಲ. ಪೀಣ್ಯದಲ್ಲಿ ಇತ್ತು, ಕೆಡುಕು ಆರಂಭವಾದದ್ದೂ ಅಲ್ಲಿಯೇ.

ಯಂತ್ರವನ್ನು ನಡೆಸುತ್ತಿದ್ದವಳು ರೇಣುಕಾ. ಗದಗಿನ ಕಡೆಯವಳು. ಗಂಡನೊಂದಿಗೆ ಕಟ್ಟಡದ ಕೆಲಸಕ್ಕೆ ಬಂದು, ಅಲ್ಲಿಂದ ಈ ಘಟಕದ ಡೀಬರಿಂಗ್ ಬೆಂಚಿಗೆ ಸೇರಿ, ಕೊರೆದ ಲೋಹದ ಅಂಚಿನಲ್ಲಿ ಉಳಿಯುವ ಚೂಪನ್ನು ಅರದಿಂದ ಉಜ್ಜುತ್ತ ಆರು ವರ್ಷ ಕಳೆದು, ಕಣ್ಣಲ್ಲೇ ಕಲಿತು ಯಂತ್ರದ ಮುಂದೆ ನಿಂತವಳು. ಆ ರಸ್ತೆಯಲ್ಲಿ ಬೇರಾವ ಘಟಕದಲ್ಲೂ ಹೆಂಗಸೊಬ್ಬಳು ಸಿಎನ್‌ಸಿ ನಡೆಸುವುದನ್ನು ನಾನು ಕಾಣೆ. ನನ್ನ ಶಾಸನದ ಕತೆಗಳನ್ನು ಕೇಳುವ ತಾಳ್ಮೆ ಇಡೀ ಪೀಣ್ಯದಲ್ಲಿ ಅವಳೊಬ್ಬಳಿಗೇ ಇತ್ತು. "ಸರ, ಆ ಕಲ್ಲ ಕೆತ್ತಿದಾಂವ ತಪ್ಪು ಮಾಡಿದ್ರ ಅವನ್ನ ಯಾರು ಬೈತಿದ್ರು?" ಎಂದು ಒಮ್ಮೆ ಕೇಳಿದಳು. ಮೂವತ್ತು ವರ್ಷಗಳಲ್ಲಿ ಯಾವ ವಿಚಾರಸಂಕಿರಣದಲ್ಲೂ ಯಾರೂ ಕೇಳದ ಪ್ರಶ್ನೆ.

ಪ್ರತಿ ಬೆಳಿಗ್ಗೆ ಅಲ್ಲಿ ಒಂದು ಕ್ರಮವಿತ್ತು. ಒಳಗಿನ ಗಣಕವನ್ನು ಸಂಜೆ ಪೂರ್ತಿ ಮುಚ್ಚುತ್ತಿರಲಿಲ್ಲ. ಅದು ಮತ್ತೆ ಏಳಲು ಬಹಳ ಹೊತ್ತು ಹಿಡಿಯುತ್ತದೆಂದು ಇದ್ದ ಹಾಗೆಯೇ ಮಲಗಿಸುತ್ತಿದ್ದರು. ಬೆಳಿಗ್ಗೆ ರೇಣುಕಾ ಅದನ್ನು ಎಬ್ಬಿಸಿ, ಯಂತ್ರದ ಹಣೆಗೆ ವಿಭೂತಿ ಹಚ್ಚಿ, ಊದುಬತ್ತಿ ಸುತ್ತಿಸಿ, ಕೆಲಸ ಹಚ್ಚುವಳು. ನಾನು ಕುರ್ಚಿ ಎಳೆದುಕೊಂಡು, ನಿದ್ದೆಯಿಂದೆದ್ದ ಗಣಕದ ಮೂಲೆಯಲ್ಲಿ ನಿನ್ನೆಯ ಸಂಜೆಯೇ ನಿಂತಿರುವುದನ್ನು ಕಂಡು, ರೇಡಿಯೋ ಸುದ್ದಿಗೆ ಹೊಂದಿಸಿದ ನನ್ನ ಕೈಗಡಿಯಾರ ನೋಡಿ ಅದರ ತಾರೀಖನ್ನೂ ಸಮಯವನ್ನೂ ಸರಿಪಡಿಸುವೆನು. ಆಮೇಲೆ ಚಹಾ.

ಈ ಏರ್ಪಾಡು ಮಾಡಿದ ಕೆಲವೇ ದಿನಗಳಲ್ಲಿ, ಜುಲೈ ತಿಂಗಳ ಮೊದಲಲ್ಲಿ, ಯಂತ್ರ ನಿಲ್ಲತೊಡಗಿತು. ಕೆಲಸ ಹಚ್ಚಿ ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಆಗುತ್ತಲೇ ನೆಟ್‌ವರ್ಕ್ ಕಡಿದು, ಯಂತ್ರ ಉಕ್ಕಿನಲ್ಲಿ ಹಲ್ಲೂರಿ ನಿಲ್ಲುವುದು. ಎಲ್ಲವನ್ನೂ ಮುಚ್ಚಿ ಹೊಸದಾಗಿ ಎಬ್ಬಿಸಿದರೆ ಸಂಜೆಯವರೆಗೆ ತೊಂದರೆಯಿಲ್ಲ. ಮರುದಿನ ಮತ್ತೆ ಅದೇ.

ಗಣಕಗಳ ದುರಸ್ತಿಗೆ ಬರುತ್ತಿದ್ದವನು ಇಮ್ತಿಯಾಜ್, ಬೊಮ್ಮನಹಳ್ಳಿಯಿಂದ ಪೀಣ್ಯದವರೆಗೆ ಬೈಕಿನಲ್ಲೇ ಸಂಸಾರ ಮಾಡಿದಂತಿದ್ದ ನಡುವಯಸ್ಸಿನವನು. ಅವನ ವೈದ್ಯಪದ್ಧತಿಯಲ್ಲಿ ಮದ್ದು ಒಂದೇ.

"ರೀಸ್ಟಾರ್ಟ್ ಮಾಡಿ ಸಾರ್, ಸರಿಹೋಗುತ್ತೆ."

"ಹೋಗುತ್ತೆ ಇಮ್ತಿಯಾಜ್. ಆದರೆ ನಾಳೆ ಮತ್ತೆ ಬರುತ್ತೆ."

"ನಾಳೆ ಮತ್ತೆ ರೀಸ್ಟಾರ್ಟ್ ಮಾಡಿ ಸಾರ್. ನಾವು ದಿನಾ ಸ್ನಾನ ಮಾಡಲ್ವಾ?"

"ಕಾರಣ ಬೇಡವೇ?"

"ಕಾರಣ ಹುಡುಕ್ತಾ ಕೂತ್ರೆ ನಾನು ಮನೆಗೆ ಹೋಗೋದು ಯಾವಾಗ ಸಾರ್?" ಎಂದು ನಕ್ಕ ಅವನೇ, ನಾನು ಬಿಡದೆ ಪೀಡಿಸಿದ ಮೇಲೆ, ಒಳಗಿನ ಗಣಕಕ್ಕೆ ವಿಳಾಸ ಹೇಗೆ ಸಿಗುತ್ತದೆಂದು ತಿಳಿಸಿಕೊಟ್ಟ. "ಸ್ವಂತ ಅಡ್ರೆಸ್ ಇರಲ್ಲ ಸಾರ್. ಮನೆ ಲೀಸ್‌ಗೆ ಹಾಕ್ಕೋತೀವಲ್ಲ, ಅಂಗೆ. ಹೊರಗಡೆ ಇರೋದು ಇಷ್ಟು ಹೊತ್ತು ಅಂತ ಕೊಟ್ಟಿರುತ್ತೆ. ಟೈಮ್ ಮುಗಿಯೋಕೆ ಮುಂಚೆ ಇದು ಕೇಳ್ಕೊಳ್ಳುತ್ತೆ, ಅದು ಮುಂದುವರಿಸುತ್ತೆ. ಯಾರಿಗೂ ಗೊತ್ತೇ ಆಗಲ್ಲ."

ಇದನ್ನೆಲ್ಲ ನಾನು ಶ್ರದ್ಧೆಯಿಂದ ಬರೆದುಕೊಂಡೆ, ಶ್ರದ್ಧೆಯಿಂದಲೇ ಮರೆತೆ.

ಕೆಂಪು ಬೆನ್ನಿನ ಪುಸ್ತಕ ತಂದದ್ದು ಆಗ. ಉಪಾಯ ನನ್ನದು, ಆದ್ದರಿಂದ ಈ ಕೆಡುಕಿನ ಬುಡವನ್ನು ನಾನೇ ಅಗೆಯಬೇಕೆಂದು ಹಟ ಹಿಡಿದೆ. ಪುಟಕ್ಕೆ ಐದು ಕಾಲಂ ಗೆರೆ ಹಾಕಿದೆ: ತಾರೀಖು ಮತ್ತು ವಾರ, ನಿಂತ ಹೊತ್ತು, ನಡೆಯುತ್ತಿದ್ದ ಕೆಲಸ, ಸುತ್ತಮುತ್ತ ಆಗುತ್ತಿದ್ದುದು, ಕೊನೆಯದು, ಮೂಲ. ಅಂದರೆ ಇದನ್ನು ಕಂಡವರು ಯಾರು. ಮೂಲವಿಲ್ಲದ ಮಾಹಿತಿ ವದಂತಿ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಯಂತ್ರ ನಿಲ್ಲದ ದಿನವನ್ನೂ ಬರೆಯಬೇಕೆಂಬುದು ನನ್ನ ನಿಯಮ. ನಾನಿರುವ ದಿನ ಮೂಲದ ಕಾಲಮಿನಲ್ಲಿ "ಸ್ವತಃ" ಎಂದು ಬರೆಯುತ್ತಿದ್ದೆ. ಮಂಗಳವಾರ ಸಂಜೆ ಫೋನು ಮಾಡಿ ಕೇಳಿಕೊಂಡು "ಚನ್ನಬಸಪ್ಪ, ದೂರವಾಣಿಯಲ್ಲಿ" ಎಂದು ಬರೆಯುತ್ತಿದ್ದೆ.

ಆ ವರ್ಚುವಲ್ ಮೆಷೀನ್ ತಂತ್ರಾಂಶದ ಬಳಕೆದಾರರು ಅಂತರ್ಜಾಲದಲ್ಲಿ ನಡೆಸುವ ಚರ್ಚಾಪುಟಕ್ಕೂ ಒಂದು ಪತ್ರ ಹಾಕಿದೆ. ಪೀಠಿಕೆ, ಸಮಸ್ಯೆಯ ನಿರೂಪಣೆ, ಹನ್ನೊಂದು ಅಡಿಟಿಪ್ಪಣಿ. ಜಗತ್ತಿನ ಯಾವುದೋ ಮೂಲೆಯಿಂದ ಒಬ್ಬರು ಒಂದು ಸಾಲಿನ ಉತ್ತರ ಕೊಟ್ಟರು: ನಮ್ಮಲ್ಲಿ ಹೀಗಾಗುತ್ತಿಲ್ಲ. ನಾನು ಮತ್ತೆ ಬರೆದೆ. ಅವರು ಮತ್ತೆ ಹಾಗೆಯೇ ಹೇಳಿದರು. ಮೂರನೆಯ ಪತ್ರದ ಮೇಲೆ ಅವರು ಹೇಳುವುದನ್ನು ನಿಲ್ಲಿಸಿದರು. ನಾನು ಬರೆಯುವುದನ್ನು ನಿಲ್ಲಿಸಲಿಲ್ಲ.

ಎರಡನೆಯ ವಾರ ಪುಸ್ತಕ ಮಾತನಾಡಿತು. ಮಂಗಳವಾರ ಯಂತ್ರ ನಿಂತಿಲ್ಲ! ಮಂಗಳವಾರ ಏನು ವಿಶೇಷ? ಪಕ್ಕದ ಘಟಕದಲ್ಲಿ ತಗಡು ಕತ್ತರಿಸುವ ಪವರ್ ಪ್ರೆಸ್ ಇತ್ತು. ಅದು ಗುದ್ದಿದರೆ ನಮ್ಮ ಚಹಾದ ಲೋಟದಲ್ಲಿ ಉಂಗುರ ಏಳುತ್ತಿತ್ತು. ಮಂಗಳವಾರ ಮಾತ್ರ ಅದನ್ನು ನಿಲ್ಲಿಸಿ ಎಣ್ಣೆ ಹಾಕುತ್ತಿದ್ದರು. ಸಿಕ್ಕಿತು ಎಂದುಕೊಂಡೆ. ಪ್ರೆಸ್ ಗುದ್ದಿದಾಗ ವಿದ್ಯುತ್ತು ಕುಸಿಯುತ್ತದೆಂಬ ನನ್ನ ಮಾತು ಕೇಳಿ ಚನ್ನಬಸಪ್ಪ ಗಣಕಕ್ಕೆ ಪ್ರತ್ಯೇಕ ಯುಪಿಎಸ್ ಹಾಕಿಸಿದ. ಮರುದಿನವೂ ಯಂತ್ರ ನಿಂತಿತು. ವಿದ್ಯುತ್ತಲ್ಲ, ಕಂಪನ ಎಂದೆ. ಗಣಕದ ಕೆಳಗೆ ರಬ್ಬರ್ ಹಾಳೆ ಹಾಸಿದರು. ಮತ್ತೂ ನಿಂತಿತು. ನಾನು ಸಿದ್ಧಾಂತವನ್ನು ಬಿಡಲಿಲ್ಲ. ರಬ್ಬರಿನ ದಪ್ಪ ಸಾಲದೆಂದೆ. ಇನ್ನೊಬ್ಬರ ಪ್ರಬಂಧದಲ್ಲಿ ಇಂಥದನ್ನು ಕಂಡಿದ್ದರೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ.

ಅಷ್ಟರಲ್ಲಿ ನಾಗರಪಂಚಮಿ ಬಂತು. ಆ ವರ್ಷ ಜುಲೈ 23, ಸೋಮವಾರ. ಗದಗಿನ ಕಡೆಯ ಹೆಣ್ಣುಮಕ್ಕಳಿಗೆ ಪಂಚಮಿಗೆ ತವರಿಗೆ ಹೋಗದಿರುವುದೆಂದರೆ ವರ್ಷವೇ ಬಂದಿಲ್ಲವೆಂದಂತೆ. ರೇಣುಕಾ ಒಂದು ವಾರ ರಜೆ ಹಾಕಿ ಹೋದಳು. ಯಂತ್ರಕ್ಕೆ ಮಹೇಶನೆಂಬವನು ಬಂದ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಹುಟ್ಟಿದವನಂತಿದ್ದ. ಶಾಸನದ ಮಾತೆತ್ತಿದರೆ ಕೇಳುವವರಿಲ್ಲದ ಮೇಲೆ ನಾನೂ ಆ ವಾರ ಅತ್ತ ಹೋಗಲಿಲ್ಲ. ದಿನಾ ಸಂಜೆ ಚನ್ನಬಸಪ್ಪನಿಗೆ ಫೋನು ಮಾಡಿ ಪುಸ್ತಕ ತುಂಬಿಸಿದೆ. ಪ್ರೆಸ್ ಎಂದಿನಂತೆ ಗುದ್ದುತ್ತಿತ್ತು. ಯಂತ್ರ ಮಾತ್ರ ಇಡೀ ವಾರ ಒಮ್ಮೆಯೂ ನಿಲ್ಲಲಿಲ್ಲ.

ರೇಣುಕಾ ಶೇಂಗಾ ಉಂಡೆಯ ಡಬ್ಬಿಯೊಂದಿಗೆ ಮರಳಿದಳು. "ನಮ್ಮವ್ವ ಊರ ಮಂದಿಗೆಲ್ಲಾ ಹೇಳ್ಯಾಳ್ರಿ ಸರ, ನನ್ನ ಮಗಳು ಕಂಪ್ಯೂಟರ್ ಮಿಷಿನ್ ನಡಸ್ತಾಳ ಅಂತ. ಜೋಕಾಲಿ ಆಡಾಕ ಬಂದೋರೆಲ್ಲಾ ಬಂದು ನನ್ನ ಕೈ ಹಿಡದು ನೋಡಿದ್ರು, ಏನ್ ಬ್ಯಾರೆ ಕೈಯೇನೋ ಅನ್ನೋಹಂಗ" ಎಂದು ನಕ್ಕಳು. ಉಂಡೆ ತಿಂದೆ, ಗಡಿಯಾರ ತಿದ್ದಿದೆ, ಚಹಾ ಬಂತು. ಇಪ್ಪತ್ತೈದನೆಯ ನಿಮಿಷಕ್ಕೆ ಯಂತ್ರ ನಿಂತಿತು.

ಆಗಸ್ಟ್ 9, ಗುರುವಾರ. ಆ ವೇಳೆಗೆ ಎರಡು ಅಚ್ಚು ಗುಜರಿಗೆ ಹೋಗಿದ್ದವು. ಚನ್ನಬಸಪ್ಪ ನನ್ನ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಕೂತಿದ್ದ.

"ಸರ್, ನೀವೇ ಬರ್ದಿದ್ದು. ನೋಡ್ರಿ. ಪಂಚಮಿ ವಾರ ಪೂರ್ತಿ ಸರಿಯಿದೆ. ಈಯಮ್ಮ ಬಂದ ದಿನವೇ ಮತ್ತೆ ಶುರು."

"ಕಾಕತಾಳೀಯವಿರಬಹುದು."

"ಒಂದು ದಿನ ಅಂದ್ರೆ ಕಾಕತಾಳೀಯ. ಒಂದು ವಾರ ಅಂದ್ರೆ ಏನು ಸರ್? ಬೇಕಂತ ಮಾಡ್ತಾಳೆ ಅಂತ ನಾನು ಹೇಳ್ತಿಲ್ಲ. ಏನೋ ಒಂದು ಒತ್ತಬಾರದ್ದು ಒತ್ತುತಾಳೆ. ಸೋಮವಾರದಿಂದ ಮಹೇಶ ಮಿಷಿನ್‌ಗೆ ಬರ್ಲಿ. ಇವಳು ಬೆಂಚಿಗೆ ಹೋಗ್ಲಿ."

ರೇಣುಕಾ ಬಾಗಿಲಲ್ಲೇ ನಿಂತಿದ್ದಳು. "ನಾ ಏನೂ ಮುಟ್ಟಿಲ್ರಿ ಸಾವ್ಕಾರ್ರ. ತಾನ ನಿಂತೈತಿ" ಎಂದಳು. ಆಮೇಲೆ ನನ್ನತ್ತ ತಿರುಗಿ, "ಸರ, ನೀವು ದಿನಾ ಇಲ್ಲೇ ಇರ್ತೀರಿ. ನೀವಾರ ಹೇಳ್ರಿ" ಎಂದಳು.

ನಾನು ಪುಸ್ತಕ ನೋಡಿದೆ. ಪುಸ್ತಕ ಚನ್ನಬಸಪ್ಪನ ಪರವಾಗಿತ್ತು. ಪ್ರತಿ ತಾರೀಖಿಗೂ ವಾರ ಹೊಂದುತ್ತಿತ್ತು, ಪ್ರತಿ ಸಾಲಿಗೂ ಮೂಲವಿತ್ತು. ಅವಳು ತಪ್ಪಿತಸ್ಥಳಲ್ಲವೆಂದು ನನ್ನ ಮನಸ್ಸು ಹೇಳುತ್ತಿತ್ತು. ಮನಸ್ಸಿನ ಮಾತಿಗೆ ಕಾಲಂ ಹಾಕಿರಲಿಲ್ಲ. "ಸೋಮವಾರದವರೆಗೆ ಅವಕಾಶ ಕೊಡು, ಚನ್ನಬಸಪ್ಪ" ಎಂದಷ್ಟೇ ಹೇಳಿ ಪುಸ್ತಕವನ್ನು ಕಂಕುಳಿಗಿಟ್ಟುಕೊಂಡು ಹೊರಟೆ. ಕಂಬಗಳ ಕೆಳಗೆ ನಡೆಯುವಾಗ ಅಜ್ಜಿಯ ನೆನಪು ಯಾಕೆ ಬಂತೆಂದು ಆಗ ತಿಳಿಯಲಿಲ್ಲ.

ಶುಕ್ರವಾರವೂ ಶನಿವಾರವೂ ನಾನು ಮನೆಯಿಂದ ಹೊರಬೀಳಲಿಲ್ಲ. ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಸಂಜೆ ಫೋನು ಮಾಡಿದರೆ ಚನ್ನಬಸಪ್ಪ, "ಇವತ್ತು ನಿಂತಿಲ್ಲ. ಹೇಳಿದ್ಮೇಲೆ ಹುಷಾರಾಗಿದ್ದಾಳೆ, ನೋಡಿದ್ರಾ?" ಎಂದ. ಅವಳ ಮೇಲಿನ ದೂರು ಇನ್ನೂ ಗಟ್ಟಿಯಾಯಿತು.

ಭಾನುವಾರ ಊಟವಾದ ಮೇಲೆ, ಕಲ್ಲು ಹಟ ಮಾಡಿದಾಗ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ: ಬರಹವನ್ನು ಕೊನೆಯಿಂದ ಮೊದಲಿಗೆ ಓದುವುದು. ಅರ್ಥ ಎಳೆದುಕೊಂಡು ಹೋಗದಂತೆ ತಡೆಯಲು ಇದು ಹಳೆಯ ಉಪಾಯ. ಓದುತ್ತ ಹೋದಾಗ ಮಂಗಳವಾರಗಳು ಎದುರಾದವು. ಪ್ರೆಸ್ಸಿನ ಸಿದ್ಧಾಂತ ಬಿದ್ದ ಮೇಲೆ ಅವುಗಳನ್ನು ನಾವು ಯಾರೂ ಕೇಳಿರಲಿಲ್ಲ. ಮಂಗಳವಾರ ಯಂತ್ರ ನಿಂತಿಲ್ಲ. ಆದರೆ ಪಂಚಮಿಯದನ್ನು ಬಿಟ್ಟು ಉಳಿದೆಲ್ಲ ಮಂಗಳವಾರವೂ ಯಂತ್ರದ ಮುಂದಿದ್ದವಳು ರೇಣುಕಾ! ಅವಳ ಕೈಯಲ್ಲಿ ದೋಷವಿದ್ದರೆ ಆ ಕೈ ಮಂಗಳವಾರ ಎಲ್ಲಿಗೆ ಹೋಗುತ್ತಿತ್ತು?

ಹಾಗಾದರೆ ನಿಲ್ಲದ ದಿನಗಳಲ್ಲೆಲ್ಲ ಸಮಾನವಾದದ್ದೇನು? ಬೆರಳನ್ನು ಎರಡನೆಯ ಕಾಲಮಿನ ಮೇಲೆ ಇಳಿಸಿದೆ, ಮೂರು, ನಾಲ್ಕು. ಏನೂ ಇಲ್ಲ. ಐದನೆಯದರಲ್ಲಿ ಬೆರಳು ನಿಂತಿತು. ನಿಂತಿಲ್ಲ: ಚನ್ನಬಸಪ್ಪ, ದೂರವಾಣಿಯಲ್ಲಿ. ನಿಂತಿಲ್ಲ: ಚನ್ನಬಸಪ್ಪ, ದೂರವಾಣಿಯಲ್ಲಿ. ಪಂಚಮಿ ವಾರ ಪೂರ್ತಿ ದೂರವಾಣಿಯಲ್ಲಿ. ಮೊನ್ನೆಯ ಎರಡು ದಿನವೂ ದೂರವಾಣಿಯಲ್ಲಿ. ನಿಂತ ದಿನಗಳಲ್ಲಿ ಒಂದೂ ತಪ್ಪದೆ ಒಂದೇ ಪದ. ಸ್ವತಃ. ಸ್ವತಃ. ಸ್ವತಃ.

ಆ ಘಟಕದ ಪ್ರೆಸ್ಸನ್ನು, ವಿದ್ಯುತ್ತನ್ನು, ರೇಣುಕಾಳ ಬೆರಳುಗಳನ್ನು ಶಂಕಿಸಿದ್ದೆ. ಚಹಾ ತರುವವನು ಎಷ್ಟು ಹೊತ್ತಿಗೆ ಬರುತ್ತಾನೆಂದೂ ಬರೆದಿದ್ದೆ. ಕುರ್ಚಿ ಎಳೆದುಕೊಂಡು ಕೂರುವ ಮುದುಕನೊಬ್ಬನಿಗೆ ಮಾತ್ರ ಕಾಲಂ ಇರಲಿಲ್ಲ. ಅವನು ಅಲ್ಲಿ ಏನು ಮಾಡುತ್ತಾನೆ? ಉಂಡೆ ತಿನ್ನುತ್ತಾನೆ, ಕತೆ ಹೇಳುತ್ತಾನೆ, ಚಹಾ ಕುಡಿಯುತ್ತಾನೆ. ಅದಕ್ಕೂ ಮೊದಲು ತಾರೀಖು ತಿದ್ದುತ್ತಾನೆ. ಇಮ್ತಿಯಾಜನ ಲೀಸಿನ ಮಾತು ನೆನಪಾದದ್ದು ಆಗ.

ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಸೇರಿಸಿದೆ. ಇಮ್ತಿಯಾಜನಿಗೂ ಬರಹೇಳಿದ್ದೆ. ಮಹೇಶ ಯಂತ್ರದ ಪಕ್ಕದಲ್ಲಿ ನಿಂತಿದ್ದ. ರೇಣುಕಾ ಬೆಂಚಿನ ಹತ್ತಿರ, ಅರ ಕೈಯಲ್ಲಿ ಹಿಡಿದೇ ನಿಂತಿದ್ದಳು.

"ಒಂದು ಗುಜರಿ ಉಕ್ಕನ್ನು ಕಟ್ಟಿ, ಯಂತ್ರ ಹಚ್ಚಲಿ" ಎಂದೆ. "ಮಹೇಶನೇ ಹಚ್ಚಲಿ. ರೇಣುಕಾ ಅಲ್ಲಿಂದ ಕದಲುವುದು ಬೇಡ."

ಮಹೇಶ ಹಚ್ಚಿದ. ಒಳಗಿನ ಗಣಕದಲ್ಲಿ ಶನಿವಾರದ ಸಂಜೆ ನಿಂತಿತ್ತು. ನಾನು ಎಂದಿನಂತೆ ಕೈಗಡಿಯಾರ ನೋಡಿ, ತಾರೀಖನ್ನೂ ಸಮಯವನ್ನೂ ತಿದ್ದಿ, ಕುರ್ಚಿಗೆ ಒರಗಿದೆ.

"ಇನ್ನು ಏನ್ ಮಾಡಬೇಕು ಸರ್?" ಎಂದ ಚನ್ನಬಸಪ್ಪ.

"ಚಹಾ ತರಿಸು."

ಚಹಾ ಬಂತು. ಪಕ್ಕದ ಪ್ರೆಸ್ ಗುದ್ದುತ್ತಿತ್ತು, ಲೋಟದಲ್ಲಿ ಉಂಗುರ ಏಳುತ್ತಿತ್ತು. ಹದಿನೈದು ನಿಮಿಷ, ಇಪ್ಪತ್ತು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಊಹೆ ಸರಿಯಾಗಲೆಂದೂ ತಪ್ಪಾಗಲೆಂದೂ ಒಟ್ಟಿಗೆ ಹಾರೈಸಿದೆ. ಇಪ್ಪತ್ತಾರನೆಯ ನಿಮಿಷಕ್ಕೆ ಯಂತ್ರ ಉಕ್ಕಿನಲ್ಲಿ ಹಲ್ಲೂರಿ ನಿಂತಿತು. ಮಹೇಶ ಕಿವಿಯಿಂದ ಇಯರ್‌ಫೋನ್ ಕಿತ್ತು ಎರಡೂ ಕೈ ಮೇಲೆತ್ತಿದ.

"ನಾನಲ್ಲ ಸಾರ್!"

"ನೀನಲ್ಲ. ರೇಣುಕಾನೂ ಅಲ್ಲ. ನಾನು" ಎಂದೆ.

ಇಮ್ತಿಯಾಜ್ ತೆರೆಯ ಮೇಲೆ ಬಗ್ಗಿ ಏನೇನೋ ತೆರೆದು ನೋಡಿ ತೊಡೆಗೆ ಹೊಡೆದುಕೊಂಡ. "ಓಹೋಹೋ! ಸಾರ್, ಇದು ಮಲ್ಕೊಂಡು ಎದ್ದಾಗ ಹಳೇ ಟೈಮಲ್ಲೇ ಇರುತ್ತೆ. ಸುಮ್ನೆ ಬಿಟ್ರೆ ಹೊರಗಿಂದು ಮೆಲ್ಲಗೆ ಸರಿ ಮಾಡ್ಕೊಳ್ಳುತ್ತೆ, ಲೀಸೂ ಮುಂದುವರಿಯುತ್ತೆ. ನೀವು ಒಂದೇ ಏಟಿಗೆ ಮುಂದಕ್ಕೆ ತಳ್ಳಿಬಿಡ್ತೀರಾ. ಇದು ಇಪ್ಪತ್ತು ಮೂವತ್ತು ನಿಮಿಷ ಆದ್ಮೇಲೆ ಲೀಸ್ ನೋಡ್ಕೊಂಡು, ಅಯ್ಯೋ ನನ್ನ ಲೀಸ್ ಯಾವಾಗ್ಲೋ ಮುಗಿದೋಯ್ತು ಅಂತ ಮನೆ ಖಾಲಿ ಮಾಡ್ಕೊಂಡು ಬೀದೀಲಿ ನಿಲ್ಲುತ್ತೆ. ಹೊಸಾ ಅಡ್ರೆಸ್ ಕೇಳಿದ್ರೆ ಕೊಡಬೇಕು ತಾನೇ? ಅಡ್ರೆಸ್ ಕೊಡೋ ಪಾರ್ಟ್ ಮಲ್ಕೊಂಡು ಎದ್ಮೇಲೆ ಉತ್ತರಾನೇ ಕೊಡಲ್ಲ. ಅದು ಬಗ್ ಸಾರ್, ಸಾಫ್ಟ್‌ವೇರ್‌ದೇ ತಪ್ಪು."

"ತಪ್ಪು ಅದರದ್ದು. ಆ ತಪ್ಪನ್ನು ದಿನವೂ ಕೆಣಕುತ್ತಿದ್ದವನು ನಾನು. ಜಗತ್ತಿನಲ್ಲಿ ಬೇರೆ ಯಾರೂ ಬೆಳಿಗ್ಗೆ ಎದ್ದು ಇದರ ಗಡಿಯಾರ ತಿದ್ದುವುದಿಲ್ಲ. ಅದಕ್ಕೇ ಅವರಿಗಾರಿಗೂ ಹೀಗಾಗಲಿಲ್ಲ" ಎಂದೆ.

ಚನ್ನಬಸಪ್ಪ ಮಹೇಶನನ್ನು ಯಂತ್ರದ ಮುಂದಿನಿಂದ ಪಕ್ಕಕ್ಕೆ ಸರಿಸಿದ. "ಈಗ ನಿಮ್ಮನ್ನ ಬೆಂಚಿಗೆ ಹಾಕ್ಬೇಕಾಯ್ತಲ್ಲ ಸರ್" ಎಂದ. ಆಮೇಲೆ ದನಿ ತಗ್ಗಿಸಿ, "ರೇಣುಕಾ, ಬಾರಮ್ಮ. ಮನಸ್ಸಿಗೆ ಹಚ್ಕೋಬೇಡ" ಎಂದ.

ರೇಣುಕಾ ಅರವನ್ನು ಬೆಂಚಿನ ಮೇಲಿಟ್ಟು, ಕೈ ಒರೆಸಿಕೊಂಡು ಬಂದಳು. ನಾನು ಎದ್ದು ನಿಂತೆ. ಕ್ಷಮೆ ಕೇಳಲು ಭಾನುವಾರ ರಾತ್ರಿಯೆಲ್ಲ ವಾಕ್ಯ ಜೋಡಿಸಿಟ್ಟಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ಸರ, ಮತ್ತ ಆ ಕಲ್ಲಿನ ಮಾತು ನೆನಪೈತೇನ್ರಿ? ಕೆತ್ತಿದಾಂವ ತಪ್ಪಿದ್ರ ಯಾರು ಬೈತಿದ್ರು ಅಂತ ಕೇಳಿದ್ನೆಲ್ರಿ?"

"ನೆನಪಿದೆ."

"ತಿದ್ದಾಂವ ತಪ್ಪಿದ್ರ?"

ಬೆರಳಿಗೆ ಸುತ್ತಿಕೊಳ್ಳಲು ಇಟ್ಟಿದ್ದ ಅಂಟುಪಟ್ಟಿಯ ತುಂಡೊಂದನ್ನು ಹಲ್ಲಿನಿಂದ ಹರಿದು, ತೆರೆಯ ಮೂಲೆಯಲ್ಲಿ, ಒಳಗಿನ ಗಡಿಯಾರ ಕಾಣುವಲ್ಲಿ ಒತ್ತಿ ಅಂಟಿಸಿದಳು. "ಇನ್ನ ಚಾ ಅಷ್ಟ ಕುಡೀರಿ ಸರ" ಎಂದು, ಯಂತ್ರದ ಹಣೆಗೆ ವಿಭೂತಿ ಹಚ್ಚಿದಳು. ಮಹೇಶ ಹಚ್ಚಿರಲಿಲ್ಲ.

ಚರ್ಚಾಪುಟಕ್ಕೆ ಅಂದು ಸಂಜೆ ಬರೆದ ಪತ್ರದಲ್ಲಿ ಅಡಿಟಿಪ್ಪಣಿ ಇರಲಿಲ್ಲ. ಮಲಗಿಸಿ, ಎಬ್ಬಿಸಿ, ಗಡಿಯಾರವನ್ನು ಮುಂದಕ್ಕೆ ತಳ್ಳಿ, ಅರ್ಧ ಗಂಟೆ ಕಾಯಿರಿ ಎಂದಷ್ಟೇ ಬರೆದೆ. ಮರುದಿನ ಅದೇ ಮೂಲೆಯಿಂದ ಅದೇ ಒಬ್ಬರು ಉತ್ತರಿಸಿದರು: ನಮ್ಮಲ್ಲಿಯೂ ಆಗುತ್ತಿದೆ. ಕೆಲವು ತಿಂಗಳ ಮೇಲೆ ಬಂದ ಹೊಸ ಆವೃತ್ತಿಯ ತಿದ್ದುಪಡಿಗಳ ಪಟ್ಟಿಯಲ್ಲಿ ಈ ದೋಷ ನಿವಾರಣೆಯಾಯಿತೆಂದು ಒಂದು ಸಾಲಿತ್ತು. ನಾನು ಅಚ್ಚಿನಲ್ಲಿ ಕಂಡ ನನ್ನ ಸಂಶೋಧನೆಗಳಲ್ಲಿ ಅತ್ಯಂತ ಚಿಕ್ಕದೂ ಯಾರೂ ಖಂಡಿಸದಿದ್ದುದೂ ಅದೊಂದೇ.

ಪುಸ್ತಕವನ್ನು ಮಾತ್ರ ಇನ್ನೂ ಒಂದೆರಡು ವಾರ ಘಟಕದಲ್ಲೇ ಇಟ್ಟಿದ್ದೆ. ರೋಗ ಮರಳದೆಂದು ಖಚಿತವಾಗಬೇಕಲ್ಲ. ನಾನು ದಾಖಲಿಸಿದರೆ ಮತ್ತೆ ನನ್ನದೇ ಸಾಕ್ಷಿಯಾದೀತೆಂದು ಬರೆಯುವ ಕೆಲಸ ರೇಣುಕಾಳಿಗೆ ಕೊಟ್ಟಿದ್ದೆ. ಕಪಾಟಿನ ಮುಂದೆ ನಿಂತು ಆ ಪುಟಗಳನ್ನು ಮತ್ತೆ ತಿರುವಿದೆ. ಹೊಲಿಗೆಯಂತೆ ಒತ್ತಿ ಬರೆದ ಗುಂಡು ಅಕ್ಷರ. ಐದು ಕಾಲಮಿನ ನನ್ನ ಗೆರೆಗಳನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಡ್ಡಡ್ಡ ಬರೆದುಕೊಂಡು ಹೋಗಿದ್ದಾಳೆ. ಕೊನೆಯ ಸಾಲು ಹೀಗಿದೆ:

"ಆಗಸ್ಟ್ 22, ಗುರುವಾರ. ಮಿಷಿನ್ ಚೊಲೋ ಐತಿ. ಸರ್ ಬಂದಿದ್ರು. ಮುಟ್ಟಿಲ್ಲ."

2012ರ ಆಗಸ್ಟ್ 22 ಬುಧವಾರ. ಪಂಚಾಂಗ ಕೆಳಗಿಳಿಸಿ ನೋಡಿದ್ದೇನೆ. ಕೈಯಲ್ಲಿ ಪೆನ್ನೂ ಇತ್ತು. ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡೆ, ಪುಸ್ತಕವನ್ನು ಅದರ ಜಾಗದಲ್ಲಿಟ್ಟೆ. ಕನ್ನಡಕದ ಚೀಟಿ ಇನ್ನೂ ಸಿಕ್ಕಿಲ್ಲ.